ನೇರಳೆಯ ಬಲಮಗ್ಗುಲು

ಸಾಗರದ ಜೋಗ ರಸ್ತೆಯಿಂದ ಒಳಕ್ಕೆ ಹೊರಳಿದರೆ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ಒಂದು ಚಿಕ್ಕ ಹೆಂಚಿನ ಮನೆಯಿದೆ. ಅದರ ಮುಂಗೋಣೆಯಲ್ಲಿ ಕುಳಿತು ಲಿಖಿತಾ ಚಿತ್ರ ಬರೆಯುತ್ತಾಳೆ. ಜನ ಬಂದು ಹೇಳಿ ಬರೆಸಿಕೊಂಡು ಹೋಗುವ ಚಿತ್ರಗಳು. ಗೃಹಪ್ರವೇಶಕ್ಕೆಂದು ಲಕ್ಷ್ಮಿಯನ್ನೋ ಗಣಪತಿಯನ್ನೋ ಬರೆಸುವವರಿದ್ದಾರೆ, ಅಜ್ಜನ ಹಳೆಯ ಫೋಟೋ ತಂದು ದೊಡ್ಡದು ಮಾಡಿಸುವವರಿದ್ದಾರೆ. ಆದರೆ ಅವಳ ಹೆಸರು ನಿಂತಿರುವುದು ಪ್ರಾಣಿಗಳ ಚಿತ್ರದಿಂದ. ದನ, ಎತ್ತು, ನಾಯಿ, ಬೆಕ್ಕು, ಒಮ್ಮೆ ಒಂದು ಹುಂಜ ಕೂಡ.

ಹೊಸದಾಗಿ ಬಂದವರು ಫೋಟೋ ತೋರಿಸಲು ಮೊಬೈಲು ತೆಗೆದರೆ ಅವಳು ಅದನ್ನು ಮೊದಲಿಗೆ ನೋಡುವುದಿಲ್ಲ. ಸ್ಟೂಲಿನ ಮೇಲೆ ಕೂರಿಸಿ, "ಕಣ್ಣು ಮುಚ್ಚಿ. ನಿಮ್ಮ ದನ ಎದುರಿಗೆ ನಿಂತಿದೆ ಅಂದ್ಕೊಳ್ಳಿ. ಈಗ ಕೈ ಚಾಚಿ. ಕೈ ಮೊದಲು ಎಲ್ಲಿಗೆ ಹೋಗುತ್ತೆ?" ಎಂದು ಕೇಳುತ್ತಾಳೆ.

ಕೆಲವರು ನಗುತ್ತಾರೆ. ಎತ್ತಿನ ಜೋಡಿ ಬರೆಸಲು ಬಂದಿದ್ದ ಮಂಜುನಾಥಪ್ಪ ಎಂಬವರಂತೂ, "ಇದ್ಯಂತದೇ ಮಾರಾಯ್ತಿ, ಚಿತ್ರ ಬರ್ಸಾಕೆ ಬಂದ್ರೆ ದೆವ್ವ ಬಿಡ್ಸೋರ ಥರ ಮಾಡ್ತೀಯಲ್ಲ!" ಎಂದಿದ್ದರು. ಹಾಗೆಂದವರೇ ಕಣ್ಣು ಮುಚ್ಚಿ ಕೈ ಚಾಚಿದಾಗ, ಆ ಕೈ ಗಾಳಿಯಲ್ಲಿ ಒಂದು ಎತ್ತರಕ್ಕೆ ಹೋಗಿ ನಿಂತು ಏನನ್ನೋ ಸವರತೊಡಗಿತು. ಅವರ ಮುಖದ ನಗೆ ಮಾಯವಾಯಿತು. ಲಿಖಿತಾ ಆ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು, "ಆಯ್ತು, ಈಗ ಫೋಟೋ ತೋರ್ಸಿ" ಎಂದಳು.

ಮೊದಲು ಅವಳಿಗೆ ಈ ಪದ್ಧತಿ ಇರಲಿಲ್ಲ. ಹೊಸನಗರದ ಆಚೆಗಿನ ಒಂದು ಮನೆಯ ಜಗುಲಿಯಲ್ಲಿ, ಒಂದು ಸಂಜೆ, ಅವಳು ತನ್ನ ಚಿತ್ರದ ಮುಂದೆ ತಪ್ಪಿತಸ್ಥಳಾಗಿ ನಿಂತದ್ದುಂಟು. ಈ ಪದ್ಧತಿ ಬಂದದ್ದು ಅಲ್ಲಿಂದ.

ಲಿಖಿತಾಳ ತಾಯಿ ಕೆರಿಯಮ್ಮ ಹಸೆ ಚಿತ್ತಾರ ಬರೆಯುವವರು. ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಬರೆಯಲು ಅವರಿಗೆ ಕರೆ ಬರುತ್ತಿತ್ತು. ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಷ್ಟರಿಂದಲೇ ಗೋಡೆ ತುಂಬ ಗೆರೆಗಳು ಮೂಡುತ್ತಿದ್ದವು. ತಾಯಿಯ ಜೊತೆ ಹೋಗುತ್ತಿದ್ದ ಹುಡುಗಿ ಲಿಖಿತಾ ಒಮ್ಮೆ ಚಿತ್ತಾರದ ಮೂಲೆಯಲ್ಲಿ ಒಂದು ಕರು ಬರೆದು ಅದಕ್ಕೆ ಎರಡು ಕಣ್ಣು ಇಟ್ಟುಬಿಟ್ಟಿದ್ದಳು. "ಹಸೇಲಿ ಯಾರೂ ಹಂಗೆ ದುರುಗುಟ್ಟಿ ನೋಡಾದಿಲ್ಲ ಮಗಾ. ಅಳಿಸು" ಎಂದು ಕೆರಿಯಮ್ಮ ಒದ್ದೆ ಬಟ್ಟೆ ಕೊಟ್ಟರು. ಹುಡುಗಿ ಅಳುತ್ತಲೇ ಅಳಿಸಿದಳು. ಆ ಕಣ್ಣುಗಳು ಮಾತ್ರ ಅವಳನ್ನು ಬಿಡಲಿಲ್ಲ.

ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ ಗಂಡ ರಾಜೇಂದ್ರ ತನ್ನ ಲಗೇಜ್ ಗಾಡಿಯಲ್ಲಿ ಶಿವಮೊಗ್ಗದಿಂದ ಕ್ಯಾನ್ವಾಸು, ಬಣ್ಣ ತಂದುಕೊಟ್ಟನು. ಅವಳಿಗೆ ಮೊದಲು ಚಿತ್ರ ಬರೆದುಕೊಡಲು ಹೇಳಿದವರು ತೀರ್ಥಹಳ್ಳಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸತ್ತುಹೋದ ತಮ್ಮ ನಾಯಿಯ ಚಿತ್ರವನ್ನು ಗೋಡೆಗೆ ತಗುಲಿಸಿದ ಕೂಡಲೇ ಅವರು ಅದು ಚಿತ್ರವೆಂಬುದನ್ನೇ ಮರೆತು, "ಏ, ಕಾಲು ಒರೆಸ್ಕೊಂಡು ಬಂದ್ಯಾ?" ಎಂದು ಗದರಿದ್ದರಂತೆ. ಆ ಮಾತು ಊರೂರು ತಿರುಗಿತು. ಆಮೇಲೆ ಹಿನ್ನೀರಿಗೆ ಸೇತುವೆ ಆಗುವ ಮೊದಲಿನ ದಿನಗಳಲ್ಲಿ, ಅದರ ಆಚೆ ದಡದ ಕೆರಿಯಪ್ಪನೆಂಬವನು ಹೊಳೆಬಾಗಿಲಿನ ಲಾಂಚಿನಲ್ಲಿ ತನ್ನ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಂದ. "ಬರೆಯಮ್ಮ. ಇದನ್ನ ಕುಯ್ಯಾಕೆ ನನ್ ಕೈಲಿ ಆಗ್ತಿಲ್ಲ, ಹೆಂಡ್ತಿ ಕುಯ್ಯದೇ ಬಿಡಾದಿಲ್ಲ. ಚಿತ್ರನಾದ್ರೂ ಉಳೀಲಿ" ಎಂದ. ಹುಂಜ ಅರ್ಧ ದಿನ ಅವಳ ಸ್ಟೂಲಿನ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿತು.

ಅವಳಿಗೊಂದು ನಿಯಮವಿತ್ತು. ಪ್ರಾಣಿ ಬದುಕಿದ್ದರೆ ಹೋಗಿ ನೋಡಬೇಕು, ಮೈ ಮುಟ್ಟಬೇಕು. ಸತ್ತಿದ್ದರೆ ಆ ಮನೆಗೆ ಹೋಗಿ ಅದು ಕಟ್ಟಿದ್ದ ಜಾಗವನ್ನಾದರೂ ನೋಡಿ ಬರಬೇಕು. ಚಿತ್ರ ಕೊಟ್ಟ ಮೇಲೆ ಜನ "ನಮ್ಮನೇದೇ!" ಎನ್ನುವ ಆ ಒಂದು ಉದ್ಗಾರಕ್ಕಾಗಿ ಅವಳು ಕಾಯುತ್ತಿದ್ದಳು. ಅದು ಬರದೆ ಇದ್ದದ್ದು ಒಮ್ಮೆಯೂ ಇಲ್ಲ.

ಒಂದು ಮಾಗಿಯಲ್ಲಿ ಶ್ರೀಕರ ಎಂಬವರು ಫೋನು ಮಾಡಿದರು. ಹೊಸನಗರ ದಾಟಿ ನಗರವೆಂಬ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ಊರಲ್ಲೇ ಇದ್ದು ಕೃಷಿ ಸಲಕರಣೆಗಳ ಅಂಗಡಿ ನಡೆಸುತ್ತಿದ್ದರು.

"ನಮ್ಮ ಅಪ್ಪಯ್ಯಂಗೆ ಮರೆವು ಜಾಸ್ತಿ ಆಗಿದೆ ಮೇಡಂ. ಅವರ ದನ ನೇರಳೆ ಅಂತ, ದೀಪಾವಳಿ ಆದ್ಮೇಲೆ ಸತ್ತೋಯ್ತು. ಸಾಯುವಾಗ ಬಾಯಿಗೆ ನೀರು ಬಿಟ್ಟವರು ಅವರೇ. ವಾರ ಕಳೆಯೋದ್ರೊಳಗೆ ಅದು ಮರೆತೋಯ್ತು. ಈಗ ದಿನಾ ಸಂಜೆ ದನ ಬಂದಿಲ್ಲ ಅಂತ ಎದ್ದು ಬೆಟ್ಟಕ್ಕೆ ಹೋಗ್ತಾರೆ. ಹಿಡಿದು ತರೋದೇ ಕೆಲಸ ಆಗಿದೆ. ಮೊನ್ನೆ ಬಿದ್ದು ಮೊಣಕಾಲು ಒಡ್ಕೊಂಡ್ರು."

"ಬೇರೆ ದನ ತಂದು ಕಟ್ಟಿ ನೋಡಿದ್ರಾ ಅಣ್ಣಾ?"

"ತಂದ್ವಿ. ನೇರಳೆ ಥರದ್ದೇ ಕಪ್ಪು. ಹತ್ರ ಹೋಗಿ ಮೈ ಸವರಿ, ಯಾರ ಮನೇದೋ, ಬಿಟ್ಟು ಬನ್ನಿ ಅಂದ್ರು. ನನ್ನ ಹೆಂಡತಿ ತೃಪ್ತಿ ಮೊಬೈಲಲ್ಲಿ ನಿಮ್ಮ ಚಿತ್ರ ನೋಡಿದ್ಲು. ಜಗುಲಿ ಗೋಡೆಗೆ ಆಳೆತ್ತರದ ಚಿತ್ರ ನಿಲ್ಲಿಸಿದ್ರೆ, ಸಂಜೆ ನೋಡಿ, ದನ ಬಂತು ಅಂತ ಕೂರ್ತಾರೇನೋ ಅಂತ ನಮ್ಮ ಆಸೆ. ಬೇಗ ಆಗ್ಬೇಕು. ಇವತ್ತೋ ನಾಳೆಯೋ ಏನಾಗುತ್ತೋ ಹೇಳಕ್ಕಾಗಲ್ಲ. ನೀವು ನೋಡಕ್ಕೆ ಬರೋದೆಲ್ಲ ಬೇಡ, ಫೋಟೋ ಕಳಿಸ್ತೀನಿ."

ಮುದುಕರೊಬ್ಬರು ಬೆಟ್ಟದಲ್ಲಿ ಬೀಳುತ್ತಿರುವಾಗ ನಿಯಮ ಹಿಡಿದು ಕೂರುವುದು ಸರಿಯಲ್ಲವೆಂದು ಲಿಖಿತಾಳಿಗೆ ಅನ್ನಿಸಿತು. "ಕಳ್ಸಿ ಅಣ್ಣಾ" ಎಂದಳು.

ಬಂದದ್ದು ಒಂದೇ ಫೋಟೋ. ಮಲೆನಾಡಿನ ಮನೆಗಳಲ್ಲಿ ದನದ ಫೋಟೋ ತೆಗೆಯುವುದಾದರೆ ಅದು ದೀಪಾವಳಿಯ ದಿನ. ಮೈ ತೊಳೆದು, ಕೊರಳಿಗೆ ಅಡಿಕೆ, ಪಚ್ಚೆತೆನೆಯ ಮಾಲೆ ಹಾಕಿ, ಲೋಟದ ಬಾಯಿಯನ್ನು ಶೇಡಿ ಎಂಬ ಬಿಳಿಮಣ್ಣಿನ ನೀರಿನಲ್ಲಿ ಅದ್ದಿ ಮೈತುಂಬ ಬಿಳಿ ಬಳೆಗಳಂತೆ ಅಚ್ಚು ಒತ್ತಿರುತ್ತಾರೆ. ನಡುನಡುವೆ ಅಂಗೈ ಅಚ್ಚುಗಳೂ ಇರುತ್ತವೆ. ನೇರಳೆಯೂ ಹಾಗೇ ಸಿಂಗಾರಗೊಂಡು, ಬಲಮಗ್ಗುಲು ತೋರಿಸಿಕೊಂಡು ನಿಂತಿತ್ತು. ಗಿಡ್ಡ ತಳಿಯ ಕರಿಯ ದನ. ಬಿಸಿಲಿಗೆ ಮೈ ಮೇಲೆ ನೇರಳೆ ಹಣ್ಣಿನ ಹೊಳಪಿತ್ತು. ಕಣ್ಣಿನಲ್ಲಿ ಯಾರನ್ನೋ ಗುರುತು ಹಿಡಿದ ನೋಟ.

ಬೇರೆ ಊರಿನ ಕಲಾವಿದರಾಗಿದ್ದರೆ ಫೋಟೋದಲ್ಲಿದ್ದುದನ್ನು ಇದ್ದ ಹಾಗೆ ಬರೆದುಬಿಡುತ್ತಿದ್ದರು. ಲಿಖಿತಾ ಇಲ್ಲಿಯವಳು. ಸ್ವತಃ ಪ್ರತಿ ವರ್ಷ ಲೋಟದ ಅಚ್ಚು ಒತ್ತಿದವಳು. ಮುದುಕರು ಹುಡುಕುತ್ತಿರುವುದು ಹಬ್ಬದ ದನವನ್ನಲ್ಲ, ದಿನವೂ ಸಂಜೆ ಮೇದು ಬರುವ ದನವನ್ನು. ಆದ್ದರಿಂದ ಅವಳು ಮಾಲೆ ತೆಗೆದಳು, ಕೋಡಿನ ಬಣ್ಣ ತೆಗೆದಳು, ಮೈಮೇಲಿನ ಬಿಳಿ ಅಚ್ಚುಗಳನ್ನೆಲ್ಲ ಒಂದೊಂದಾಗಿ ಕಪ್ಪಿನಲ್ಲಿ ಮುಚ್ಚಿದಳು. ಹಿಂದೊಡೆಗಿಂತ ಸ್ವಲ್ಪ ಮುಂದೆ ಒಂದು ಅಚ್ಚು ಕಲಸಿಹೋದಂತೆ ಪೂರ್ತಿ ಬೆಳ್ಳಗಿತ್ತು. ಇಲ್ಲಿ ಶೇಡಿ ಹರಡಿಕೊಂಡಿದೆ ಎಂದು ಅದನ್ನೂ ಒರೆಸಿದಳು.

ಮಗಳ ಮನೆಗೆ ಬಂದಿದ್ದ ಕೆರಿಯಮ್ಮ ಬಾಗಿಲಲ್ಲಿ ನಿಂತು ಫೋಟೋವನ್ನೂ ಚಿತ್ರವನ್ನೂ ನೋಡಿದರು.

"ಹಬ್ಬದ್ ದನಾನ ಯಾಕ್ ತೊಳ್ದೆ ಮಗಾ?"

"ಅವರಿಗೆ ದಿನಾ ನೋಡೋ ದನ ಬೇಕಮ್ಮ."

"ಯಾರನ್ನಾರ ಕೇಳಿ ತೊಳ್ದ್ಯಾ?"

"ಇದಕ್ಕೆ ಕೇಳೋದೆಂತ?" ಎಂದು ಲಿಖಿತಾ ನಕ್ಕಳು.

ಚಿತ್ರ ಮುಗಿದಾಗ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಅಂಗಡಿಯ ಗಡಿಬಿಡಿಯಲ್ಲಿದ್ದ ಶ್ರೀಕರ ಕಣ್ಣು, ಮುಖ ನೋಡಿ, "ಅಯ್ಯಬ್ಬ, ಅದೇ ಬಂದು ನಿಂತ ಹಾಗಿದೆ" ಎಂದು ಉತ್ತರಿಸಿದರು.

ಹೊರಟ ದಿನ ರಾಜೇಂದ್ರ ಚಿತ್ರವನ್ನು ಗಾಡಿಯಲ್ಲಿ ನಿಲ್ಲಿಸಿ ಹಗ್ಗ ಬಿಗಿದನು. "ಬೆಡ್‌ಶೀಟ್ ಸರಿಯಾಗಿ ಮುಚ್ಚೇ. ದನ ಸಾಗಿಸ್ತಿದಾರೆ ಅಂತ ಯಾರಾದ್ರೂ ಗಾಡಿ ಅಡ್ಡ ಹಾಕಿದ್ರೆ ನಾನಂತೂ ಓಡಿಹೋಗ್ತೀನಿ, ನೀನೇ ಕಣ್ಣಿ ಹಿಡ್ಕೊಂಡು ನಿಲ್ಲು." ಬಟ್ಟೆಮಲ್ಲಪ್ಪ ದಾಟುವವರೆಗೂ ಇಬ್ಬರೂ ಅದನ್ನೇ ಹೇಳಿ ನಕ್ಕರು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಹೇರಂಬ ಹೆಗಡೆಯವರು ಒಳಗೆ ಮಲಗಿದ್ದರು. ಅವರ ಹೆಂಡತಿ ವನಮಾಲಾ ನೀರು, ಬೆಲ್ಲ ತಂದಿಟ್ಟರು. ರಾಜೇಂದ್ರ, ಶ್ರೀಕರ ಸೇರಿ ಬಟ್ಟೆ ಮುಚ್ಚಿದ ಚಿತ್ರವನ್ನೆತ್ತಿ ಜಗುಲಿಯ ಗೋಡೆಗೆ, ಹೆಗಡೆಯವರು ಸಂಜೆ ಕೂರುವ ಕುರ್ಚಿಯ ಎದುರಿಗೆ ನಿಲ್ಲಿಸಿದರು. ಅಪ್ಪಯ್ಯನೇ ಮೊದಲು ನೋಡಲಿ ಎಂದು ಯಾರೂ ಬಟ್ಟೆ ತೆಗೆಯಲಿಲ್ಲ.

"ಈಗ ಏಳ್ತಾರೆ ನೋಡಿ" ಎಂದಳು ತೃಪ್ತಿ. "ಎದ್ದ ಕೂಡ್ಲೇ ಅದೇ ಮಾತು."

ಹೆಗಡೆಯವರು ಹೊರಗೆ ಬಂದರು. ಎತ್ತರದ ಆಳು, ಮೊಣಕಾಲಿಗೆ ಪಟ್ಟಿ. ಬಂದವರನ್ನು ನೋಡಲಿಲ್ಲ. ಅಂಗಳದಾಚೆಯ ಕೊಟ್ಟಿಗೆಯ ಕಡೆಗೇ ದೃಷ್ಟಿ. "ನೇರಳೆ ಬಂಜಿಲ್ಲೆ" ಎಂದರು. ಅವರ ಮನೆಮಾತಿನಲ್ಲಿ ಬಂಜು ಎಂದರೆ ಬಂತು, ಬಂಜಿಲ್ಲೆ ಎಂದರೆ ಬಂದಿಲ್ಲ.

"ಅಪ್ಪಯ್ಯಾ, ಇಲ್ನೋಡು" ಎಂದು ಶ್ರೀಕರ ಬಟ್ಟೆ ಸರಿಸಿದರು.

ಮುದುಕರು ತಿರುಗಿದರು. ಅವರ ಮುಖ ಅರಳಿದ್ದನ್ನು ಲಿಖಿತಾ ಕಂಡಳು. ಬಾಯಿ ತೆರೆಯಿತು, ಕಣ್ಣು ತುಂಬಿತು, ಎರಡು ಹೆಜ್ಜೆ ಮುಂದೆ ಬಂದರು. ಅವಳ ಎದೆ ಹಿಗ್ಗಿತು. ಹೆಗಡೆಯವರು ಚಿತ್ರದ ಮುಖವನ್ನು ಸವರಲಿಲ್ಲ. ನೇರವಾಗಿ ಬಲಮಗ್ಗುಲಿಗೆ ಹೋಗಿ, ಹಿಂದೊಡೆಗಿಂತ ಸ್ವಲ್ಪ ಮುಂದೆ ಅಂಗೈ ಇಟ್ಟರು. ಸವರಿದರು. ಮತ್ತೆ ಸವರಿದರು. ಕೈ ತೆಗೆದು ಅಂಗೈ ನೋಡಿಕೊಂಡರು.

ಆಮೇಲೆ ಅವರು ಕೂಗಿದ ಕೂಗಿಗೆ ಅಂಗಳದ ನಾಯಿ ಎದ್ದು ಓಡಿತು.

"ಇದು ನಮ್ಮನೆ ದನ ಅಲ್ಲ! ಯಾರದ್ದೋ ತಂದು ನಿಲ್ಸಿದ್ದಿ! ನಿಂಗ ಎಲ್ಲ ಸೇರಿ ಎಂತ ಮಾಡಿದ್ದಿ ನೇರಳೆಯ? ಎಲ್ಲಿ ಅದು? ಕೊಂದ್ರಾ?"

ಅದು ಲಿಖಿತಾಳಿಗೆ ಇಷ್ಟು ವರ್ಷಗಳಲ್ಲಿ ಯಾರೂ ಆಡದ ಮಾತು. ಅದೂ ಮರೆವಿನಲ್ಲಿ ಮುಳುಗಿದ, ತನ್ನ ಮಗನ ಹೆಸರನ್ನೇ ಕೆಲವೊಮ್ಮೆ ತಪ್ಪುವ ಮನುಷ್ಯನ ಬಾಯಿಂದ. ಇವರಿಗೆ ತಿಳಿಯುತ್ತಿಲ್ಲ, ಅಷ್ಟೇ, ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದೂ ಉಂಟು.

ವನಮಾಲಾ ಚಿತ್ರದ ಹತ್ತಿರ ಬಂದರು. ಅವರ ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ ದೇವರೇ! ಮಚ್ಚೆ ಇಲ್ಲೆ! ಮಾಣಿ, ಬಿಳಿ ಮಚ್ಚೆ ಇಲ್ಲೆ!"

ಶ್ರೀಕರ ಬಿಳಿಚಿಕೊಂಡರು. "ನಂಗೆ ನೆನಪೇ ಬರ್ಲೆ ಅಮ್ಮ. ಫೋಟೋದಲ್ಲಿ ಇದ್ದಲ, ಹೇಳೋದೆಂತ ಅಂತ..."

"ಯಾವ ಮಚ್ಚೆ?" ಎಂದು ಲಿಖಿತಾ ಕೇಳಿದಳು.

ಹೆಗಡೆಯವರು ತೊಡೆಯ ಮೇಲೆ ಕೈಯೂರಿ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ತೃಪ್ತಿ ಅವರಿಗೆ ಕುಡಿಯಲು ಬಿಸಿನೀರು ತರಲೆಂದು ಒಳಗೆ ಹೋದಳು. ವನಮಾಲಾ ಲಿಖಿತಾಳನ್ನು ಜಗುಲಿಯ ಕೊನೆಗೆ ಕರೆದೊಯ್ದು ತಗ್ಗಿದ ದನಿಯಲ್ಲಿ ಹೇಳಿದರು. ಕೆಲವು ವರ್ಷಗಳ ಹಿಂದೆ, ಇಂಥದೇ ಸಂಜೆ, ಹೆಗಡೆಯವರು ದನ ಹೊಡೆದುಕೊಂಡು ಬೆಟ್ಟದಿಂದ ಇಳಿಯುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿತೆಂದು ಬಗ್ಗಿದಾಗ ಪೊದೆಯಿಂದ ಚಿರತೆ ಹಾರಿತು. ಮಿಕ್ಕ ದನಗಳೆಲ್ಲ ಬಾಲ ಎತ್ತಿ ಓಡಿದವು. ನೇರಳೆ ಮಾತ್ರ ತಿರುಗಿತು, ಕೋಡು ತಗ್ಗಿಸಿ ಅಡ್ಡ ನುಗ್ಗಿತು. ಚಿರತೆಯ ಬಾಯಿಗೆ ಸಿಕ್ಕಿದ್ದು ಮನುಷ್ಯನ ಕುತ್ತಿಗೆಯಲ್ಲ, ದನದ ಬಲಮಗ್ಗುಲು. ಮಾಂಸ ಕಿತ್ತು ಬಂದಿತ್ತು.

"ಎರಡು ತಿಂಗಳು ಇವರು ಕೊಟ್ಟಿಗೇಲೇ ಮಲಗಿದ್ರು ತಂಗಿ. ಅರಿಸಿನ, ಎಣ್ಣೆ ಹಚ್ಚಿ ಆ ಗಾಯದ ಮೇಲೆ ಅಂಗೈ ಒತ್ತಿ ಹಿಡ್ಕೊಂಡೇ ಇರ್ತಿದ್ರು, ನೊಣ ಕೂರ್ತು ಅಂತ. ಗಾಯ ಮಾಗಿದ ಮೇಲೆ ಅಲ್ಲಿ ಹುಟ್ಟಿದ್ದು ಬಿಳಿ ಕೂದಲು. ಇವರ ಅಂಗೈ ಅಗಲ. ದಿನಾ ಸಂಜೆ ದನ ಬಂದ ಕೂಡ್ಲೇ ಅಲ್ಲಿ ಕೈ ಇಡೋದು. ಆಮೇಲೇ ಕಾಲು ತೊಳೆಯೋದು. ಊರಿಗೆಲ್ಲ ಗೊತ್ತಿರೋ ಕಥೆ ಅಂತ ನಿಮಗೆ ಹೇಳದೇ ಹೋದ್ವಲ..."

ಲಿಖಿತಾ ಮೊಬೈಲು ತೆರೆದು ಆ ಫೋಟೋವನ್ನು ದೊಡ್ಡದು ಮಾಡಿದಳು. ಲೋಟದ ಅಚ್ಚುಗಳೆಲ್ಲ ಬಳೆಯ ಹಾಗೆ, ನಡುವೆ ಕಪ್ಪು. ಅದೊಂದು ಮಾತ್ರ ತುಂಬು ಬಿಳಿ. ಅಂಚಿನಲ್ಲಿ ಕೂದಲು ಕೂದಲಾಗಿ ಕಪ್ಪಿನೊಳಗೆ ಬೆರೆತಿದೆ. ಅದು ಶೇಡಿಯಲ್ಲ. ಅವಳು ಅದನ್ನು ಕಾಣದೆ ಇದ್ದಿರಲಿಲ್ಲ. ಕಂಡಿದ್ದಳು, ಕಂಡೇ ಒರೆಸಿದ್ದಳು. ಒದ್ದೆ ಕುಂಚ ಆ ಜಾಗದ ಮೇಲೆ ಹಾದದ್ದು, ಇನ್ನೊಂದು ಪದರ ಕಪ್ಪು ಬೇಕೆಂದು ತಾನು ಮತ್ತೆ ಬಳಿದದ್ದು, ಎಲ್ಲ ಕೈಗೇ ನೆನಪಾಯಿತು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು.

ಆಗ ಒಳಗಿನಿಂದ ಲೋಟ ಹಿಡಿದು ಬಂದ ತೃಪ್ತಿ ಚೀರಿದಳು. "ಅತ್ತೆ, ಮಾವಯ್ಯ ಎಲ್ಲಿ? ಕುರ್ಚೀಲಿ ಇಲ್ಲೆ!"

ಕುರ್ಚಿ ಖಾಲಿಯಾಗಿತ್ತು. ಶ್ರೀಕರನೂ ರಾಜೇಂದ್ರನೂ ಚಿತ್ರ ತೆಗೆದಿಡುವುದೋ ಬೇಡವೋ ಎಂದು ಬೆನ್ನು ತಿರುಗಿಸಿ ಮಾತಾಡುತ್ತಿದ್ದಷ್ಟೇ ಹೊತ್ತು. ಕೊಟ್ಟಿಗೆಯಲ್ಲಿಲ್ಲ. ಬಚ್ಚಲಲ್ಲಿಲ್ಲ. ಕೊಟ್ಟಿಗೆಯ ಗೂಟಕ್ಕೆ ತಗುಲಿಸಿದ್ದ, ದನ ಕಟ್ಟುವ ಹಗ್ಗದ ಹಳೆಯ ಕಣ್ಣಿಯೂ ಇರಲಿಲ್ಲ.

"ಬೆಟ್ಟಕ್ಕೇ!" ಎಂದು ಶ್ರೀಕರ ಓಡಿದರು.

ಹೊತ್ತು ಮುಳುಗುತ್ತಿತ್ತು. ಬೆಟ್ಟದ ಕಾಲುದಾರಿ ಒಂದು ಕಡೆ ಕವಲೊಡೆಯುತ್ತದೆ. ಶ್ರೀಕರನೂ ರಾಜೇಂದ್ರನೂ ಎಡಕ್ಕೆ, ದನ ಹೂತ ಮತ್ತಿಮರದ ಕಡೆಗೆ ಹೋದರು. ಲಿಖಿತಾ ತೃಪ್ತಿಯ ಹಿಂದೆ ಬಲಕ್ಕೆ ಓಡಿದಳು. ಮುಂದೆ ಕೆಂಪು ಜಂಬಿಟ್ಟಿಗೆ ಕಡಿದು ಬಿಟ್ಟ ಹಳೆಯ ಕಲ್ಲಿನ ಹೊಂಡವಿದೆ ಎಂದು ತೃಪ್ತಿ ಏದುಸಿರಿನ ನಡುವೆ ಹೇಳಿದಳು. "ಚಿರತೆ ಹಿಡಿದಿದ್ದು ಅಲ್ಲೇಯ..."

ಹೆಗಡೆಯವರು ಆ ಹೊಂಡದ ಅಂಚಿನಲ್ಲೇ ನಿಂತಿದ್ದರು. ಹೆಗಲ ಮೇಲೆ ಕಣ್ಣಿ. ಕಾಲ್ಬೆರಳುಗಳು ಅಂಚಿನಾಚೆಗೆ ಚಾಚಿದ್ದವು. ಕಾಲ ಕೆಳಗಿನ ಕಲ್ಲಿನ ಪುಡಿ ಸುರ್ರೆಂದು ಕೆಳಕ್ಕೆ ಜಾರುತ್ತಿತ್ತು. ಹೊಂಡದ ತಳದಲ್ಲಿ ಹಸಿರು ನೀರು. ಅದನ್ನು ನೋಡುತ್ತ ಅವರು, "ನೇರಳೇ... ಬಾ... ಬಾ..." ಎಂದು ಕರೆಯುತ್ತಿದ್ದರು.

ತೃಪ್ತಿ ಅಲ್ಲೇ ನಿಂತುಬಿಟ್ಟಳು. ಕೂಗಿದರೆ ಬೆಚ್ಚಿ ಹೆಜ್ಜೆ ತಪ್ಪುತ್ತಾರೆ. ಲಿಖಿತಾ ನೆಲ ಸದ್ದಾಗದಂತೆ ಹೆಜ್ಜೆಯಿಡುತ್ತ ಹೋಗಿ ಅವರ ಪಕ್ಕದಲ್ಲಿ ನಿಂತಳು.

"ಮನೆಗೆ ಹೋಗೋಣ ಹೆಗಡೇರೇ."

"ದನ ಬಂಜಿಲ್ಲೆ. ನಾ ಬತ್ನಿಲ್ಲೆ."

"ಬಂದಿದೆ" ಎನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ಮನೆಯವರು ಎಷ್ಟೋ ಸಾರಿ ಹೇಳಿ ಸೋತ ಸುಳ್ಳು ಅದು.

"ತಪ್ಪು ನಂದು ಹೆಗಡೇರೇ. ಅಲ್ಲಿ ಗೋಡೆಗೆ ನಿಂತಿದ್ದು ನೇರಳೇನೇ. ನಾನೇ ಬರ್ದಿದ್ದು. ಹಬ್ಬದ ಅಚ್ಚು ಒರೆಸ್ತಾ ಒರೆಸ್ತಾ ಅದರ ಬಲಮಗ್ಗುಲಿನ ಬಿಳೀನೂ ಒರೆಸಿಬಿಟ್ಟೆ."

ಮುದುಕರು ಮೊದಲ ಸಲ ಅವಳನ್ನು ನೋಡಿದರು. ಹುಬ್ಬು ಗಂಟಾಯಿತು. ಮರೆವು ಹಿಡಿದವರ ಮಂಕು ನೋಟವಾಗಿರಲಿಲ್ಲ ಅದು. ದನಕ್ಕೆ ಪೆಟ್ಟು ಹಾಕಿದವರನ್ನು ನೋಡುವ ನೋಟ.

"ಒರೆಸಿದ್ಯಾ? ಅದು ಒರೆಸಿದ್ರೆ ಹೋಗೋ ಗುರುತಲ್ಲ ಕೂಸೆ."

"ಹೌದು. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರೆ ಮುಟ್ಟೋದೆಂತಕ್ಕೆ?"

"ಎಲ್ಲಿತ್ತು, ಎಷ್ಟಗಲ ಇತ್ತು ಅಂತ ನೀವೇ ಬಂದು ತೋರ್ಸಬೇಕು. ನಂಗೆ ಬರೋದಿಲ್ಲ" ಎಂದು ಕೈ ಚಾಚಿದಳು.

ಅವರು ತುಸು ಹೊತ್ತು ಆ ಕೈಯನ್ನೇ ನೋಡಿದರು. ಕೊನೆಗೆ ಹೆಗಲ ಮೇಲಿನ ಕಣ್ಣಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಅಂಚಿನಿಂದ ಹಿಂದೆ ಸರಿದು ಮನೆಯ ಕಡೆಗೆ ನಡೆದರು. ಕವಲುದಾರಿಯಲ್ಲಿ ಶ್ರೀಕರ ಓಡಿಬಂದು, "ಅಪ್ಪಯ್ಯಾ, ಹೋಪನ, ನನ್ನ ಕೈ ಹಿಡ್ಕ" ಎಂದರೆ ಆ ಕಡೆಗೆ ತಿರುಗಲೂ ಇಲ್ಲ. ಕಣ್ಣಿಯ ಇನ್ನೊಂದು ತುದಿ ಹಿಡಿದ ಲಿಖಿತಾ ಹಿಂದೆ ಹಿಂದೆ ಬಂದಳು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡಿದವರಿಗೆ ಹೇಳಲು ಬರುತ್ತಿರಲಿಲ್ಲ.

ಜಗುಲಿಯಲ್ಲಿ ದೀಪ ಹಾಕಿದ್ದರು. ಅವಳು ಗಾಡಿಯಿಂದ ಬಣ್ಣದ ಪೆಟ್ಟಿಗೆ ತರಿಸಿ, ತಟ್ಟೆಯಲ್ಲಿ ಬಿಳಿ ಕಲಸಿದಳು. ತುಸು ಹಳದಿಯ ಛಾಯೆ ಬರುವಂತೆ ಹದ ಮಾಡಿದಳು. ಅವರು ಬೆರಳಿಟ್ಟು ತೋರಿಸುತ್ತಾರೆ, ತಾನು ಸಣ್ಣ ಕುಂಚದಿಂದ ಕೂದಲು ಕೂದಲಾಗಿ ಬರೆಯುತ್ತೇನೆ ಎಂಬುದು ಅವಳ ಎಣಿಕೆ.

ಹೆಗಡೆಯವರು ತಟ್ಟೆಯನ್ನು ನೋಡಿದರು. ಅವರಿಗೆ ಕಂಡದ್ದು ಶೇಡಿ. ಪ್ರತಿ ದೀಪಾವಳಿಯಲ್ಲೂ ಮಾಡುತ್ತಿದ್ದಂತೆ ಅಂಗಿಯ ತೋಳು ಮೇಲೇರಿಸಿ, ಅಂಗೈಯನ್ನು ಪೂರ್ತಿ ಬಣ್ಣದಲ್ಲಿ ಅದ್ದಿ, ಯಾರೂ ತಡೆಯುವ ಮೊದಲೇ ಚಿತ್ರದ ಬಲಮಗ್ಗುಲಿಗೆ ಒತ್ತಿಬಿಟ್ಟರು.

"ಅಯ್ಯೋ!" ಎಂದದ್ದು ರಾಜೇಂದ್ರ.

ಒತ್ತಿದ ಕೈಯನ್ನು ಅವರು ಕೂಡಲೇ ತೆಗೆಯಲಿಲ್ಲ. ಎರಡು ತಿಂಗಳು ಗಾಯವನ್ನು ಮುಚ್ಚಿ ಹಿಡಿದಿದ್ದ ಕೈ ಅದು. ಕಣ್ಣು ಮುಚ್ಚಿದ್ದರು. ತೆಗೆದಾಗ ಕಪ್ಪು ಮೈಮೇಲೆ ಬೆಳ್ಳನೆಯ ಒಂದು ಅಚ್ಚು, ಐದು ಬೆರಳಿನ ಗುರುತು ಸಹಿತ. ಬಣ್ಣದ ಒಂದು ಹನಿ ಹೊಟ್ಟೆಯ ಕಡೆಗೆ ಇಳಿಯುತ್ತಿತ್ತು.

ಲಿಖಿತಾ ಚಿತ್ರಗಾರ್ತಿ. ಆ ಕ್ಷಣದಲ್ಲೂ ಅವಳ ಕಣ್ಣಿಗೆ ಬಿದ್ದದ್ದು ತಪ್ಪೇ. ಮಚ್ಚೆಗೆ ಬೆರಳಿರುವುದಿಲ್ಲ. ಬೆರಳಿನ ಗುರುತನ್ನು ಕಪ್ಪಿನಲ್ಲಿ ಮುಚ್ಚಿ ಅಂಚು ಸರಿಮಾಡಬೇಕೆಂದು ಕುಂಚ ಎತ್ತಿದಳು. ಹೆಗಡೆಯವರು ಅವಳ ಮುಂಗೈ ಹಿಡಿದರು. ಬಿಗಿ ಹಿಡಿತ.

"ಸಾಕು. ಮತ್ತೆ ಒರೆಸಡ."

ಅವಳು ಕುಂಚ ಕೆಳಗಿಟ್ಟಳು.

ಅವರು ಹಿಂದೆ ಸರಿದು ದನವನ್ನು ಕೋಡಿನಿಂದ ಬಾಲದವರೆಗೆ ನೋಡಿದರು. ವನಮಾಲಾ ಕಂಬವನ್ನು ಅಪ್ಪಿಕೊಂಡಿದ್ದರು. ಹೆಗಡೆಯವರು ಕಣ್ಣಿಯನ್ನು ಚಿತ್ರದ ಬುಡದಲ್ಲಿ ಸುರುಳಿ ಸುತ್ತಿಟ್ಟರು. ಬಣ್ಣವಾದ ಕೈಯನ್ನು ಪಂಚೆಗೆ ಒರೆಸಿಕೊಂಡು, ಹೆಂಡತಿಯ ಕಡೆಗೆ ತಿರುಗಿ, ತೀರಾ ಸಾಮಾನ್ಯವಾದ ದನಿಯಲ್ಲಿ, ಸಂಜೆಯ ಮಾತೊಂದನ್ನು ಆಡುವವರಂತೆ ಹೇಳಿದರು.

"ಬಂಜು. ಕಾಲು ತೊಳೆಯಲೆ ನೀರು ಕೊಡು."

ವನಮಾಲಾ ನೀರಿಗೆಂದು ಹೋದವರು ಬಚ್ಚಲ ಬಾಗಿಲಲ್ಲೇ ಕುಸಿದು ಕೂತು ಅತ್ತರು. ನೀರನ್ನು ತೃಪ್ತಿ ತಂದುಕೊಟ್ಟಳು.

ಆ ಚಿತ್ರ ಈಗಲೂ ಆ ಜಗುಲಿಯಲ್ಲಿದೆ. ಹೆಗಡೆಯವರ ಮರೆವು ವಾಸಿಯಾಗಲಿಲ್ಲ, ಆಗುವಂಥದೂ ಅಲ್ಲ. ಸಂಜೆಯಾದರೆ ಇಂದಿಗೂ ಚಡಪಡಿಸಿ ಏಳುತ್ತಾರೆ. ಎದ್ದು ನಾಲ್ಕು ಹೆಜ್ಜೆ ಇಟ್ಟು, ಆ ಬಿಳಿಯ ಅಚ್ಚಿನ ಮೇಲೆ ತಮ್ಮ ಅಂಗೈ ಇಡುತ್ತಾರೆ. ಬೆರಳಿಗೆ ಬೆರಳು ಸರಿಹೊಂದುತ್ತದೆ. ಆಮೇಲೆ ಕಾಲು ತೊಳೆದು ಬಂದು ಕೂರುತ್ತಾರೆ. ಬೆಟ್ಟದ ದಾರಿಯಲ್ಲಿ ಅವರನ್ನು ಯಾರೂ ಮತ್ತೆ ಹುಡುಕಬೇಕಾಗಲಿಲ್ಲ.

ಮನೆಗೆ ಬಂದ ನೆಂಟರು ಚಿತ್ರ ನೋಡಿ, "ದೀಪಾವಳಿಯ ದನ ಬರೆಸಿದ್ದೀರಿ, ಆದರೆ ಒಂದೇ ಒಂದು ಅಚ್ಚು ಯಾಕೆ?" ಎಂದು ಕೇಳುವುದುಂಟಂತೆ. ಈಗ ಮನೆಯವರು ಆ ಕಥೆ ಯಾರಿಗೂ ಗೊತ್ತಿದೆ ಎಂದುಕೊಳ್ಳುವುದಿಲ್ಲ. ಕೂರಿಸಿ, ಮೊದಲಿಂದ ಹೇಳುತ್ತಾರೆ.

ಅಂದು ಗಾಡಿಯಲ್ಲಿ ವಾಪಸು ಬರುವಾಗ ರಾಜೇಂದ್ರ ಎರಡು ಸಲ ಲಿಖಿತಾಳನ್ನು ನಗಿಸಲು ನೋಡಿ ಸೋತನು. ಮನೆಗೆ ಬಂದಾಗ ಕೆರಿಯಮ್ಮ ಒಲೆಯ ಮುಂದೆ ಕೂತಿದ್ದರು. ಮಗಳ ಮುಖ ನೋಡಿದ ಕೂಡಲೇ, "ಯಂತ ಆತು ಮಗಾ?" ಎಂದರು. ಅವಳು ತಾಯಿಯ ಎದುರಿಗೆ ಕುಳಿತು ಮುಂಗೈ ಚಾಚಿದಳು. ಅಲ್ಲಿ ಹೆಗಡೆಯವರು ಹಿಡಿದ ಕಡೆ ಬಿಳಿಯ ಬಣ್ಣ ಇನ್ನೂ ಅಂಟಿಕೊಂಡಿತ್ತು. ಒರೆಸಲೆಂದು ಕೆರಿಯಮ್ಮ ಸೆರಗು ಎತ್ತಿದರು.

"ಬೇಡಮ್ಮ, ಇರ್ಲಿ" ಎಂದಳು ಲಿಖಿತಾ.